ಅಪೀಲ್ ನಡೆಯುತ್ತಿದೆ ಅಂತ ಟ್ರಿಬ್ಯೂನಲ್ ಕಾಯುವುದಿಲ್ಲ

ಇಂಗ್ಲೆಂಡಿನಲ್ಲಿ ಕೇರ್ ಹೋಂ ನೌಕರರ ಯೂನಿಯನ್ ಪ್ರತಿನಿಧಿ ನಾನು. ಕೆಲಸ ಕಳೆದುಕೊಂಡವರು ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಏನಾಯಿತು ಅಂತಲ್ಲ, ಯಾವತ್ತು ತೆಗೆದರು ಅಂತ. ಕಥೆ ಎಷ್ಟೇ ಗಟ್ಟಿಯಾಗಿದ್ದರೂ ತಾರೀಖು ದಾಟಿದ್ದರೆ ಕೇಳುವವರಿಲ್ಲ.

ಇಲ್ಲಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಪ್ರಕಾರ, ಅನ್ಯಾಯವಾಗಿ ವಜಾ ಮಾಡಿದರು ಅಂತ ಕೆಲಸದ ವ್ಯಾಜ್ಯ ನೋಡುವ ನ್ಯಾಯಮಂಡಳಿಯಾದ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಹೋಗಲು ಇರುವ ಸಮಯ 3 ತಿಂಗಳಿಗೆ ಒಂದು ದಿನ ಕಮ್ಮಿ. ಮಾರ್ಚ್ 10ಕ್ಕೆ ಕೆಲಸ ಹೋಯಿತು ಅಂದರೆ ಜೂನ್ 9 ಕೊನೆಯ ದಿನ. ನೋಟಿಸ್ ಅವಧಿಯ ಸಂಬಳ ಕೈಗೆ ಕೊಟ್ಟು ಅವತ್ತೇ ಕಳಿಸಿದ್ದರೆ ಲೆಕ್ಕ ಅವತ್ತಿನಿಂದಲೇ ಶುರು.

ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು, ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವಳು, ನನ್ನ ಹತ್ತಿರ ಬಂದಾಗ ಕೈಯಲ್ಲಿ ಕಂಪನಿಯ ಪತ್ರಗಳ ಒಂದು ಕಟ್ಟೇ ಇತ್ತು. ಒಂದರಲ್ಲಿ ‘ನಿಮ್ಮ ಅಪೀಲ್ ಪರಿಶೀಲನೆಯಲ್ಲಿದೆ’. ಇನ್ನೊಂದರಲ್ಲಿ ‘ಮ್ಯಾನೇಜರ್ ರಜೆಯಲ್ಲಿದ್ದಾರೆ, ಸಭೆ ಮುಂದೂಡಿದೆ’. ಎಲ್ಲವೂ ಬಲು ವಿನಯದ ಪತ್ರಗಳು. ಅಪೀಲ್ ತಿರಸ್ಕಾರ ಆಯಿತು ಅನ್ನುವ ಕೊನೆಯ ಪತ್ರ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ‘ತಡ ಮಾಡಿದ್ದು ಅವರು ಅಕ್ಕಾ, ನನ್ನ ಕೇಸ್ ಯಾಕೆ ಹೋಗಬೇಕು?’ ಅಂದಳು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಂಪನಿಯೊಳಗಿನ ಅಪೀಲ್ ಬೇರೆ, ಟ್ರಿಬ್ಯೂನಲ್ ಗಡುವು ಬೇರೆ. ಅಪೀಲ್ ಸೋತರೆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ತಡವಾದ ಅರ್ಜಿ ತೆಗೆದುಕೊಳ್ಳಬೇಕಾದರೆ, ಸಮಯಕ್ಕೆ ಸರಿಯಾಗಿ ಹಾಕಲು ನಿಜಕ್ಕೂ ಸಾಧ್ಯವಿರಲಿಲ್ಲ ಅಂತ ತೋರಿಸಬೇಕು. ಆಮೇಲೂ ಜಾಸ್ತಿ ತಡ ಮಾಡಿರಬಾರದು. ‘ಅಪೀಲ್ ಉತ್ತರಕ್ಕೆ ಕಾಯುತ್ತಿದ್ದೆ’ ಅನ್ನುವುದೊಂದೇ ಕಾರಣ ಸಾಮಾನ್ಯವಾಗಿ ಸಾಲುವುದಿಲ್ಲ.

ಹಾಗಾಗಿ ಎರಡೂ ಒಟ್ಟಿಗೆ ನಡೆಸಿ. ಅಪೀಲ್ ನಡೆಯುತ್ತಿರಲಿ, ಅದರ ಜೊತೆಗೇ ಏಕಾಸ್ (ರಾಜಿ ಮಾಡಿಸುವ ಸರ್ಕಾರಿ ಸಂಸ್ಥೆ) ಜಾಲತಾಣದಲ್ಲಿ ಅರ್ಜಿ ಹಾಕಿ. ಇದಕ್ಕೆ ದುಡ್ಡಿಲ್ಲ. 2014ರಿಂದ ಈ ಹೆಜ್ಜೆ ಕಡ್ಡಾಯ, ಇದಿಲ್ಲದೆ ಟ್ರಿಬ್ಯೂನಲ್ ಬಾಗಿಲು ತೆರೆಯುವುದಿಲ್ಲ. ಗಡುವಿನೊಳಗೆ ಹಾಕಿದರೆ ರಾಜಿ ಮಾತುಕತೆ ನಡೆಯುವಷ್ಟು ದಿನ ಗಡಿಯಾರ ನಿಲ್ಲುತ್ತದೆ, ಮಾತುಕತೆ ಮುಗಿಯಿತು ಅಂತ ಏಕಾಸ್ ಕೊಡುವ ಸರ್ಟಿಫಿಕೇಟ್ ಬಂದ ಮೇಲೆ ಕನಿಷ್ಠ ಒಂದು ತಿಂಗಳಾದರೂ ಸಿಗುತ್ತದೆ. ಗಡುವು ದಾಟಿದ ಮೇಲೆ ಹಾಕಿದರೆ ಇದ್ಯಾವುದೂ ಇಲ್ಲ.

ಅರ್ಜಿಯಲ್ಲಿ ಮಾಲೀಕರ ಹೆಸರು ಬರೆಯುವಾಗ ಸಂಬಳದ ಚೀಟಿ ಮುಂದಿಟ್ಟುಕೊಳ್ಳಿ. ಕೇರ್ ಹೋಂ ಬೋರ್ಡಿನ ಮೇಲೆ ಒಂದು ಹೆಸರು, ಸಂಬಳ ಕೊಡುವ ಕಂಪನಿ ಇನ್ನೊಂದು, ಇದು ಇಲ್ಲಿ ಮಾಮೂಲು. ಸರ್ಟಿಫಿಕೇಟಿನಲ್ಲಿರುವ ಹೆಸರನ್ನೇ ಟ್ರಿಬ್ಯೂನಲ್ ಅರ್ಜಿಗೂ ಹಾಕಿ, ಸರ್ಟಿಫಿಕೇಟಿನ ನಂಬರ್ ಕೂಡ ನೋಡಿ ಬರೆಯಿರಿ.

ವೀಸಾ ಮೇಲೆ ಬಂದವರ ಕಷ್ಟ ನನಗೆ ಗೊತ್ತು. ಕೆಲಸ ಹೋದ ಮೇಲೆ ಹೋಂ ಆಫೀಸ್ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ವೀಸಾ ಮೊಟಕು ಮಾಡಿದರೆ ಹೊಸ ಸ್ಪಾನ್ಸರ್ (ವೀಸಾಕ್ಕೆ ಹೊಣೆ ನಿಲ್ಲುವ ಮಾಲೀಕರು) ಹುಡುಕಲು ಸಾಮಾನ್ಯವಾಗಿ 60 ದಿನ. ಆ ಓಡಾಟದಲ್ಲಿ ಇದೆಲ್ಲ ಎಲ್ಲಿ ನೆನಪಿರುತ್ತೆ, ಅಲ್ವಾ? ಆದರೂ ಏಕಾಸ್ ಅರ್ಜಿ ತುಂಬಲು ಒಂದು ಸಂಜೆ ಸಾಕು. ಯೂನಿಯನ್ ಸದಸ್ಯರಾಗಿದ್ದರೆ ಪ್ರತಿನಿಧಿಯನ್ನೇ ಕೂರಿಸಿಕೊಂಡು ತುಂಬಿ.

3 ತಿಂಗಳನ್ನು 6 ಮಾಡುವ ಕಾನೂನು 2025ರ ಡಿಸೆಂಬರ್‌ನಲ್ಲಿ ಪಾಸಾಗಿದೆ. 2026ರ ಅಕ್ಟೋಬರ್‌ಗಿಂತ ಮುಂಚೆ ಈ ಭಾಗ ಜಾರಿಗೆ ಬರುವುದಿಲ್ಲ ಅಂತ ಸರ್ಕಾರ ಹೇಳಿದೆ. ನಿಮ್ಮ ವಜಾ ತಾರೀಖಿಗೆ ಯಾವ ನಿಯಮ ಅನ್ನುವುದನ್ನು ಏಕಾಸ್ ಸಹಾಯವಾಣಿಗೇ ಕೇಳಿ, ಅಲ್ಲಿಯವರೆಗೆ 3 ತಿಂಗಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ.