ಅಪ್ಪ ಹೊಸದು ಮಾಡಿಸಿದ ಕೋವಿ

ನಳಿಗೆಗಳನ್ನು ಹಿಡಿಯಿಂದ ಕಳಚಿ, ಅಡಿಯ ಕೊಕ್ಕೆಗೆ ಬೆರಳು ಸಿಕ್ಕಿಸಿ ನೇತಾಡಿಸಿಕೊಂಡು, ಇನ್ನೊಂದು ಕೈಯ ಉಗುರಿನಿಂದ ಅವರು ಒಮ್ಮೆ ಮೀಟಿದರು. ಠಣ್ ಎನ್ನಬೇಕಿತ್ತಂತೆ, ದೇವಸ್ಥಾನದ ಗಂಟೆಯ ಹಾಗೆ. ಬಿರುಕು ಬಿಟ್ಟ ಮಡಕೆಯನ್ನು ತಟ್ಟಿದಂತೆ ಬರ್ರೆಂದಿತು. “ನಡುವಿನ ಪಟ್ಟಿ ಬೆಸುಗೆ ಬಿಟ್ಟಿದೆ. ಇದನ್ನು ಯಾರೋ ಕಪ್ಪು ಮಾಡಿಸಿದ್ದಾರೆ, ಅಲ್ಲವೇ?” ಎಂದರು. ಕೋವಿಯನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

ಮೈಸೂರಿನ ಸರಸ್ವತೀಪುರಂನಲ್ಲಿರುವ ಈ ಹಿರಿಯರು ಬಂದೂಕು ರಿಪೇರಿಯಲ್ಲೇ ಆಯಸ್ಸು ಕಳೆದವರು. ನಾನು ಮಂಡ್ಯದ ಬ್ಯಾಂಕೊಂದರಲ್ಲಿ 31 ವರ್ಷ ಅಡಮಾನಕ್ಕೆ ಬಂದ ಚಿನ್ನವನ್ನು ಒರೆ ಹಚ್ಚಿ ಬೆಲೆ ಕಟ್ಟಿದವನು. ತುಂಡಾದ ಸರವಿರಲಿ, ಸೊಟ್ಟಗಾದ ಬಳೆಯಿರಲಿ, ತೂಕ ಮತ್ತು ಶುದ್ಧತೆ ಸರಿಯಿದ್ದರೆ ನನ್ನ ಲೆಕ್ಕ ಮುಗಿಯುತ್ತಿತ್ತು. ಪಾಲಿಶ್ ಹಾಕಿಸಿ ತಂದವರಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಬರೆದವನಲ್ಲ, ಕಡಿಮೆಯನ್ನೂ ಬರೆದವನಲ್ಲ. ಹಾಗಾಗಿ ಪಾಲಿಶ್ ಹಾಕಿಸಿದ್ದಕ್ಕೇ ಒಂದು ವಸ್ತುವಿನ ಬೆಲೆ ಬಿದ್ದುಹೋಗುತ್ತದೆ ಎಂಬುದು ತಲೆಗೆ ಹತ್ತಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು.

ಕೋವಿ ತಾತನದು. ಹೊರಗೆ ಎರಡು ಕುದುರೆಗಳು, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಗಳು ಇರುವ, 12 ಬೋರಿನ ಜೋಡುನಳಿಗೆ. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಗುತ್ತಿಗೆದಾರರೊಬ್ಬರಿಂದ ಅವರು ಅದನ್ನು ಕೊಂಡರಂತೆ. ಪಾಂಡವಪುರದ ಕಡೆ ನಮ್ಮ ಕಬ್ಬಿನ ಗದ್ದೆಗೆ ಹಂದಿಗಳು ನುಗ್ಗುತ್ತಿದ್ದ ಕಾಲ. ಪ್ರತಿ ಆಯುಧಪೂಜೆಗೆ ಅರಿಶಿನ, ಕುಂಕುಮ, ಮೇಲೊಂದು ಹೆಚ್ಚಿದ ನಿಂಬೆಹಣ್ಣು. ನಿಂಬೆರಸ ಬಿದ್ದಲ್ಲೆಲ್ಲ ಬಣ್ಣ ಹೋಗಿ ಬಿಳಿಚಿದ ಮಚ್ಚೆಗಳು ಉಳಿದವು. ಆ ಮಚ್ಚೆಗಳನ್ನು ಕಂಡರೆ ಅಪ್ಪನಿಗೆ ನಾಚಿಕೆ. 1986ರ ದಸರೆಗೆ ಮುಂಚೆ ಅದನ್ನು ಮೈಸೂರಿನಲ್ಲಿ ಒಬ್ಬರ ಕೈಗೆ ಕೊಟ್ಟು ಹೊಸದು ಮಾಡಿಸಿದರು. ಬಂದಾಗ ಫಳಫಳ ಹೊಳೆಯುತ್ತಿತ್ತು. ಊರಿಗೆ ಊರೇ ನೋಡಲು ಬಂದಿತ್ತು. ನಾನೂ ಹೆಮ್ಮೆಯಿಂದ ಬೀಗಿದ್ದೆ.

ಆ ಹೊಳಪಿನ ಕಥೆಯನ್ನು ಹಿರಿಯರು ಬಿಡಿಸಿ ಹೇಳಿದರು. ಹಳೆಯ ಕಾಲದ ನಳಿಗೆಯ ಬಣ್ಣ ಬಳಿದದ್ದಲ್ಲ. ಲೋಹಕ್ಕೆ ಬೇಕೆಂದೇ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ದಿನಗಟ್ಟಲೆ ಹದ ಮಾಡಿ ಬರಿಸಿದ್ದು. ಅಪ್ಪನ ಕಾಲದ ಕುಶಲಕರ್ಮಿ ಅಷ್ಟು ಕಾಯಲಿಲ್ಲ. ಬಫಿಂಗ್ ಚಕ್ರಕ್ಕೆ ಕೊಟ್ಟು ಮೇಲ್ಮೈ ತೆಗೆದ, ಆಮೇಲೆ ಕಾಸ್ಟಿಕ್ ಸೋಡಾ ಮತ್ತು ಲವಣಗಳು ಕುದಿಯುವ ತೊಟ್ಟಿಯಲ್ಲಿ ಅದ್ದಿದ. ಕಪ್ಪೇನೋ ಬಂತು. ಆದರೆ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವುದು ಸೀಸ ಮತ್ತು ತವರದ ಮೆದು ಬೆಸುಗೆ. ಕುದಿಯುವ ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ಪಟ್ಟಿಯ ಅಡಿ ಸಿಕ್ಕಿಕೊಂಡ ಲವಣ ಸುಮ್ಮನಿರದೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಬರ್ರೆಂದ ಸದ್ದು ಅದರದು.

ಚಕ್ರ ಇನ್ನೂ ಒಂದು ಕೆಲಸ ಮಾಡಿತ್ತು. ಪಟ್ಟಿಯ ಮೇಲೆ ಕೊರೆದಿದ್ದ ತಯಾರಕರ ಹೆಸರಿನಲ್ಲಿ ಈಗ ಉಳಿದಿರುವುದು ಕೊನೆಯ ‘ಬರ್ಮಿಂಗ್‌ಹ್ಯಾಮ್’ ಮಾತ್ರ, ಅದೂ ನೀರಿನಲ್ಲಿ ಕರಗಿದ ಸೋಪಿನ ಮೇಲಿನ ಅಕ್ಷರದಂತೆ. ಯಾರು ಮಾಡಿದ ಕೋವಿ ಎಂದು ಹೇಳಲು ಬರದಿದ್ದರೆ ಸಂಗ್ರಹಕಾರ ಅರ್ಧ ಮನಸ್ಸಿನಲ್ಲೇ ಎದ್ದು ಹೋಗುತ್ತಾನೆ. ಕ್ರಮಸಂಖ್ಯೆ ಒಳಬದಿಯಲ್ಲಿದ್ದುದರಿಂದ ಬದುಕಿತು. ಬಂದೂಕಿನ ಗುರುತಿನ ಅಂಕಿ ಅಳಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಅಪ್ಪನಿಗೆ ಅಷ್ಟರಮಟ್ಟಿಗೆ ಅದೃಷ್ಟವಿತ್ತು.

ಆ ಒಳಬದಿಯಲ್ಲೇ ನನಗೆ ಪರಿಚಯದ ಭಾಷೆ ಸಿಕ್ಕಿತು. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂತೆ ಬ್ರಿಟಿಷ್ ಬಂದೂಕಿಗೆ ಪ್ರೂಫ್ ಮುದ್ರೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಕಾಯಿದೆಯಿಂದ ಹುಟ್ಟಿದ್ದು. ಅಲ್ಲಿ ಹೆಚ್ಚು ಮದ್ದು ತುಂಬಿ ಸಿಡಿಸಿ, ತಡೆದುಕೊಂಡ ನಳಿಗೆಗೆ ಮುದ್ರೆ ಒತ್ತುತ್ತಾರೆ. ನಾನು ನನ್ನ ಹಳೆಯ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ನೋಡಿದೆ. ಕಿರೀಟದಡಿ ಅಡ್ಡಹಾಕಿದ ಎರಡು ರಾಜದಂಡಗಳು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ನಾಟ್ ಫಾರ್ ಬಾಲ್’. ಹಿರಿಯರ ಮುಖ ಅರಳಿತು. ಒಂಟಿ ಗುಂಡು ಹಾಕಬೇಡಿ ಎಂಬ ಈ ಬರಹವನ್ನು 1875ರಿಂದ 1887ರವರೆಗೆ, ಬಾಯಿಯ ಬಳಿ ಬಿಗಿಯಾಗಿರುವ, ಅಂದರೆ ಚೋಕ್ ಇರುವ ನಳಿಗೆಗಳಿಗೆ ಒತ್ತುತ್ತಿದ್ದರು. ಕೋವಿಯ ವಯಸ್ಸು ಒಂದು ಸಾಲಿನಲ್ಲಿ ತಿಳಿದುಹೋಯಿತು.

ಅವರು ಮಾಪಕವನ್ನು ನಳಿಗೆಯ ಬಾಯಿಗೆ ಇಳಿಸಿದರು. ಬಿಗಿಯೇ ಇಲ್ಲ. ಎರಡು ಬಾಯಿಗಳು ಒಂದಕ್ಕೊಂದು ತಾಗಿಕೊಂಡಿರಬೇಕಾದ ಕಡೆ ಸಂದು, ಸಂದಿಗೆ ಸೀಸ ತುಂಬಿದೆ. ಉದ್ದ ಇಪ್ಪತ್ತಾರೂವರೆ ಅಂಗುಲ. ಮೂಲದಲ್ಲಿ 30 ಇದ್ದಿರಬೇಕು ಎಂದರು. ಇದು ಅಪ್ಪನ ಕೆಲಸವಲ್ಲ, ತಾತನದೇ. ಕಬ್ಬಿನ ಸಾಲಿನಲ್ಲಿ ಉದ್ದ ನಳಿಗೆ ಗರಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅವರು ಗೊಣಗುತ್ತಿದ್ದದ್ದನ್ನು ಅಜ್ಜಿ ಹೇಳುತ್ತಿದ್ದರು. ಪರವಾನಗಿಯಿಲ್ಲದೆ ನಳಿಗೆ ಮೊಟಕುಗೊಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆ ತಡೆಯುತ್ತದೆ. ತಾತ ಗರಗಸ ಹಿಡಿದದ್ದು ಅದಕ್ಕೂ ಮೊದಲು ಎಂದು ನಾನು ದೃಢವಾಗಿ ನಂಬಿದ್ದೇನೆ. ಮೂರೂವರೆ ಅಂಗುಲದ ಜೊತೆ ಚೋಕ್ ಹೋಯಿತು, ಸಮತೂಕ ಹೋಯಿತು. ಬಣ್ಣವನ್ನಾದರೂ ಮರಳಿ ತರಿಸಬಹುದೇನೋ ಎಂದುಕೊಂಡೆ, ಇದನ್ನು ಯಾವ ದುಡ್ಡಿನಿಂದಲೂ ತರಿಸಲಾಗದು.

ನನಗೆ ಹೆಚ್ಚು ಸಂಕಟವಾದದ್ದು ಮಾತ್ರ ನಳಿಗೆಯಡಿಯ ಮರದ ಮುಂಗೈ ಹಿಡಿಯ ಮರೆಯಲ್ಲಿ, ಚಕ್ರ ಮುಟ್ಟದ ಬೆರಳಗಲದ ಜಾಗದಲ್ಲಿ. ಅಲ್ಲಿ ಕಪ್ಪಿನಡಿ ಸಣ್ಣ ಸಣ್ಣ ಸುರುಳಿಗಳು, ಹೆಬ್ಬೆರಳಿನ ಗೆರೆಗಳ ಹಾಗೆ. ಡಮಾಸ್ಕಸ್! ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಜಡೆಯಂತೆ ಹೊಸೆದು, ಕಂಬಿಯ ಸುತ್ತ ಸುತ್ತಿ, ಬಡಿದು ಬೆಸೆದ ನಳಿಗೆ. ಕಂದು ಬಣ್ಣದಲ್ಲಿ ಆ ಚಿತ್ತಾರ ಉದ್ದಕ್ಕೂ ಎದ್ದು ಕಾಣುತ್ತಿದ್ದಿರಬೇಕು. ಅದನ್ನು ನಾವು ಮಸಿ ಬಳಿದಂತೆ ಮುಚ್ಚಿದ್ದೆವು. ಬೆಲೆಯ ಮಾತು ಹಾಗಿರಲಿ, ಕಪ್ಪು ಮಾಡಿದ ನಳಿಗೆಯನ್ನು ಸಾಮಾನ್ಯ ಉಕ್ಕೆಂದು ತಿಳಿದು ಯಾರಾದರೂ ಈಗಿನ ತೋಟಾ ತುಂಬಿದರೆ ಕೈ ಉಳಿಯುವುದು ಕಷ್ಟ. ಇದು ಹಳೆಯ ಕರಿಮದ್ದಿನ ಕಾಲದ್ದು, ಜೊತೆಗೆ ಬಫಿಂಗ್‌ನಿಂದ ಗೋಡೆ ತೆಳುವಾಗಿದೆ.

ತಿರುಪುಗಳ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿಗೆ ನಿಲ್ಲಬೇಕಂತೆ. ನಮ್ಮವು ಸಂತೆಯಲ್ಲಿ ನಿಂತ ಜನರಂತೆ ಒಂದೊಂದು ಒಂದೊಂದು ಕಡೆಗೆ. ಮರವನ್ನೂ ಉಜ್ಜಿ ವಾರ್ನಿಶ್ ಹಾಕಿದ್ದರಿಂದ ಅದು ಲೋಹಕ್ಕಿಂತ ಒಂದು ಕೂದಲೆಳೆ ತಗ್ಗಿದೆ. ಹಿಡಿಯ ತುದಿ ಕತ್ತರಿಸಿ ರಬ್ಬರ್ ಕೂರಿಸಿದೆ.

ಹಾಗಾದರೆ ಏನನ್ನೂ ಮುಟ್ಟಲೇಬಾರದೇ ಎಂದು ಕೇಳಿದೆ. ಸೋತ ಸ್ಪ್ರಿಂಗ್ ಬದಲಿಸಿ, ತಗ್ಗು ಎತ್ತಿಸಿ, ಸಡಿಲವಾದ ಕೀಲು ಬಿಗಿ ಮಾಡಿಸಿ, ತೆಗೆದ ಹಳೆಯ ಭಾಗವನ್ನು ಎಸೆಯಬೇಡಿ ಎಂದರು. ಕಪ್ಪು ತೆಗೆಸಿ ಮತ್ತೆ ಕಂದು ಮಾಡಿಸುವ ಆಸೆಯನ್ನು ಮಾತ್ರ ಅವರು ಅಲ್ಲೇ ಕತ್ತರಿಸಿದರು. ಇನ್ನೊಮ್ಮೆ ಉಜ್ಜಲು ಅಲ್ಲಿ ಲೋಹ ಉಳಿದಿಲ್ಲ. ಮಾರುವ ಮಾತಿಗೂ ನಕ್ಕರು. ಕೊಳ್ಳುವವರಿಗೂ ಪರವಾನಗಿ ಬೇಕು, 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಇರುವ ಎರಡು ಸ್ಥಾನದಲ್ಲಿ ಒಂದನ್ನು ಇದಕ್ಕೆ ಯಾರು ಕೊಡುತ್ತಾರೆ?

ಊರಿಗೆ ಹೋಗಿ ಅಟ್ಟದ ಟ್ರಂಕು ಜಾಲಾಡಿದೆ. ಅಪ್ಪ ಏನನ್ನೂ ಎಸೆದವರಲ್ಲ. ಪಂಚಾಂಗಗಳ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿ, ಹಿಡಿಯಿಂದ ಕತ್ತರಿಸಿದ ಒಂದಂಗುಲ ದಪ್ಪದ ವಾಲ್‌ನಟ್ ತುಂಡು ಇತ್ತು. ಹೆಗಲಿಗೆ ತಾಗುವ ಮೈಯಲ್ಲಿ ಕೈಯಿಂದ ಕೊರೆದ ಸಣ್ಣ ಚೌಕಳಿ, ನಡುವೆ ಸವೆದು ನುಣುಪಾಗಿದೆ. ಗೀರುಗಳ ಸಂದಿಯಲ್ಲಿ ಒಣಗಿದ ಕುಂಕುಮ. ಹೆಂಡತಿ ಒದ್ದೆ ಬಟ್ಟೆ ತಂದು ಒರೆಸಲು ಕೂತಳು. ಕೈ ಹಿಡಿದು ತಡೆದೆ.