ಗುರಿ ಚೆನ್ನಾಗಿದೆ, ಆದರೆ ಯಾರನ್ನು ಕಾಯ್ತಾನೆ?

ನಾನು ಏನು ಕೆಲಸ ಮಾಡ್ತೀನಿ ಅಂತ ನಮ್ಮಪ್ಪನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮೈಸೂರಿನಲ್ಲಿ ಯಾರಾದರೂ ಕೇಳಿದರೆ "ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸ" ಅಂದುಬಿಡುತ್ತಾರೆ. ಪೂರ್ತಿ ಸುಳ್ಳೇನಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. ಆದರೆ ಬರೆಯೋದು ಕೋಡ್ ಅಲ್ಲ. ಕಾಲೇಜು ಹುಡುಗರು ಬಾಸ್ಕೆಟ್‌ಬಾಲ್ ಆಡುವ ವಿಡಿಯೋ ನೋಡುತ್ತೇನೆ, ಕತ್ತರಿಸುತ್ತೇನೆ, ಅವರ ಬಗ್ಗೆ ವರದಿ ಬರೆಯುತ್ತೇನೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ ಒಂದು ತಂಡದ ಸ್ಕೌಟಿಂಗ್ ವಿಭಾಗದಲ್ಲಿ, ಅಂದರೆ ಹೊಸ ಆಟಗಾರರನ್ನು ಹುಡುಕುವ ಕಡೆ, ನಾನು ಕೆಳಗಿನ ಮೆಟ್ಟಿಲಿನವನು.

ಪ್ರತಿ ವರ್ಷ ಜೂನ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ. 30 ತಂಡಗಳು ಎರಡು ಸುತ್ತಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹೆಚ್ಚೆಂದರೆ 60 ಹೆಸರು. ಇಲ್ಲಿನ ಕಾಲೇಜುಗಳಲ್ಲಿ ಮೊದಲ ದರ್ಜೆಯ ತಂಡಗಳೇ 350ಕ್ಕೂ ಜಾಸ್ತಿ ಇವೆ. ಯುರೋಪಿನಿಂದ, ಆಸ್ಟ್ರೇಲಿಯಾದಿಂದ ಬರುವವರು ಬೇರೆ. ಜರಡಿ ಎಷ್ಟು ಸಣ್ಣದು ಅಂತ ನೀವೇ ಲೆಕ್ಕ ಹಾಕಿ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೊಬ್ಬ ಹುಡುಗನ ಮೇಲೆ ಮನಸೋತೆ. ಸಣ್ಣ ಕಾಲೇಜು, ದೊಡ್ಡ ಗುರಿಕಾರ. ಆ ಸೀಸನ್‌ನಲ್ಲಿ ಅವನು ಎಸೆದಿದ್ದು 110 ತ್ರೀ (ದೂರದ ಗೆರೆಯ ಹಿಂದಿನಿಂದ ಎಸೆಯುವ ಮೂರು ಅಂಕದ ಎಸೆತ), ಬಿದ್ದಿದ್ದು 47. ಅಂದರೆ ನೂರಕ್ಕೆ 43ರ ಹತ್ತಿರ. ಚೆಂಡು ಕೈ ಬಿಟ್ಟು ಹೋಗುವ ರೀತಿ ನೋಡಿದರೆ ಸಾಕು, ದೋಸೆ ಕಾವಲಿ ಮೇಲೆ ಹಿಟ್ಟು ಹರಡಿದಷ್ಟು ಸಲೀಸು. ಹನ್ನೊಂದು ಪುಟದ ವರದಿ ಬರೆದೆ. ಮೊದಲ ಸುತ್ತಿನ ಕೊನೆಯಲ್ಲಿ ಇವನನ್ನು ತೆಗೆದುಕೊಳ್ಳಬಹುದು ಅಂತ ಧೈರ್ಯವಾಗಿ ಹಾಕಿದೆ.

ನಮ್ಮಲ್ಲಿ ಒಬ್ಬ ಹಿರಿಯ ಸ್ಕೌಟ್ ಇದ್ದಾರೆ. ಹಿಂದೆ ಕಾಲೇಜು ಕೋಚ್ ಆಗಿದ್ದವರು. ಈಗಲೂ ಎಲ್ಲರೂ ಅವರನ್ನು ಕೋಚ್ ಅಂತಲೇ ಕರೆಯುತ್ತಾರೆ. ಒಂದು ಕೈಯಲ್ಲಿ ಕಾಫಿ ಹಿಡಿದು, ನಿಂತುಕೊಂಡೇ ನನ್ನ ವರದಿ ತಿರುವಿ ಹಾಕಿದರು. ಕೇಳಿದ್ದು ಒಂದೇ ಪ್ರಶ್ನೆ.

"ಇವನು ಯಾರನ್ನು ಕಾಯ್ತಾನೆ?"

ಅಂದರೆ ಎದುರಾಳಿಗಳಲ್ಲಿ ಯಾರನ್ನು ಎಸೆಯದಂತೆ ತಡೀತಾನೆ, ಡಿಫೆನ್ಸ್ ಹೇಗೆ ಅಂತ. ಹನ್ನೊಂದು ಪುಟದಲ್ಲಿ ಡಿಫೆನ್ಸ್ ಬಗ್ಗೆ ನಾನು ಬರೆದಿದ್ದು ಎರಡು ಸಾಲು. ಅದರಲ್ಲಿ ಒಂದು, "ಪ್ರಯತ್ನ ಚೆನ್ನಾಗಿದೆ." ಅದನ್ನು ಓದಿ ಅವರು ನಕ್ಕರು. "ಪ್ರಯತ್ನ ಚೆನ್ನಾಗಿದೆ ಅಂತ ಸ್ಕೌಟ್ ಬರೆದ ಅಂದರೆ, ಹುಡುಗನಿಗೆ ಡಿಫೆನ್ಸ್ ಬರಲ್ಲ ಅಂತ ಅರ್ಥ."

ಆಗ ನನಗೆ ಸ್ವಲ್ಪ ಸಿಟ್ಟು ಬಂತು. ಎಸೆಯೋಕೆ ಅಂತ ತರುವ ಹುಡುಗನಿಗೆ ಕಾಯೋದು ಯಾಕೆ ಅಷ್ಟು ಮುಖ್ಯ ಆಗಬೇಕು? ಅಪ್ಪನಿಗೆ ಫೋನ್‌ನಲ್ಲಿ ಹೇಳಿಕೊಂಡೆ. ಅವರೂ ನನ್ನ ಪಕ್ಷವೇ. "ಅಷ್ಟು ಚೆನ್ನಾಗಿ ಗುರಿ ಇಡ್ತಾನಲ್ಲೋ, ಇನ್ನೇನು ಬೇಕಂತೆ ಅವರಿಗೆ?"

ಮರುದಿನ ಕೋಚ್ ನನ್ನ ಮೇಜಿಗೆ ಬಂದರು. ಕೈಯಲ್ಲಿ ಒಂದು ಹಳೇ ರಟ್ಟಿನ ಫೈಲು. ಅದನ್ನು ನನ್ನ ಸ್ಕ್ರೀನಿಗೆ ಅಡ್ಡ ಹಿಡಿದು, ಮೇಲಿನ ಅರ್ಧ ಮುಚ್ಚಿಬಿಟ್ಟರು. "ಈಗ ಹಾಕು." ಚೆಂಡು ಕಾಣಲ್ಲ, ಬುಟ್ಟಿ ಕಾಣಲ್ಲ, ಬಿತ್ತೋ ಇಲ್ಲವೋ ಗೊತ್ತಾಗಲ್ಲ. ಕಾಣೋದು ಹತ್ತು ಜೊತೆ ಶೂ ಮಾತ್ರ. ಸುಮಾರು ಮುಕ್ಕಾಲು ಗಂಟೆ ಹಾಗೇ ನೋಡಿದೆವು.

ಮೊದಲ ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ಒಂದು ವಿಷಯ ಕಣ್ಣಿಗೆ ಬೀಳೋಕೆ ಶುರುವಾಯಿತು. ನಿಂತ ಜಾಗದಲ್ಲಿ ಚೆಂಡು ಸಿಕ್ಕಿದರೆ ಹುಡುಗನ ಪಾದ ಮೊದಲೇ ಸಿದ್ಧ. ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರನನ್ನು (ಆಟದಲ್ಲಿ ಇದಕ್ಕೆ ಸ್ಕ್ರೀನ್ ಅಂತಾರೆ) ಸುತ್ತಿ ಬಲಕ್ಕೆ ಓಡಿ ಬಂದರೂ ಪರವಾಗಿಲ್ಲ. ಎಡಕ್ಕೆ ಓಡಿ ಬಂದಾಗ ಮಾತ್ರ ಒಂದು ಪುಟ್ಟ ಹೆಜ್ಜೆ ಜಾಸ್ತಿ. ಟಕ್, ಟಕ್, ಆಮೇಲೆ ಇನ್ನೊಂದು ಸಣ್ಣ ಟಕ್. ಆ ಮೂರನೇ ಹೆಜ್ಜೆ ಇಲ್ಲದೆ ಅವನು ಎಸೆಯುತ್ತಲೇ ಇರಲಿಲ್ಲ. ಫೈಲು ತೆಗೆದು ನೋಡಿದರೆ, ಆ ಹೆಜ್ಜೆಯ ಹೊತ್ತಿಗೆ ಚೆಂಡು ಸೊಂಟದ ತನಕ ಇಳಿದು ಮತ್ತೆ ಮೇಲೇರುತ್ತಿತ್ತು. ಕಾಲೇಜಿನಲ್ಲಿ ಅದಕ್ಕೆ ಸಮಯ ಇದೆ. ಅಡ್ಡ ಬರುವ ಡಿಫೆಂಡರ್ ಅಷ್ಟರಲ್ಲಿ ಎರಡು ಮಾರು ದೂರದಲ್ಲೇ ಇರುತ್ತಾನೆ.

"ಎನ್‌ಬಿಎನಲ್ಲಿ ಇಲ್ಲಿಗೆ ಒಂದು ಕೈ ಬಂದಿರುತ್ತೆ" ಅಂತ ಅವರು ಸ್ಕ್ರೀನ್ ಮೇಲೆ ಬೆರಳಿಟ್ಟರು. ಹುಡುಗನ ಮೂಗಿನ ಹತ್ತಿರ.

ಲೆಕ್ಕದ ಕಡೆಯೂ ನಾನು ಎಡವಿದ್ದೆ. ಅದು ಇನ್ನೂ ನಾಚಿಕೆಗೇಡು, ಯಾಕೆಂದರೆ ಲೆಕ್ಕ ಬರುತ್ತೆ ಅಂತಲೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು. 110 ಎಸೆತ ಅಂದರೆ ಏನೂ ಅಲ್ಲ. ನಿಜವಾಗಿ ನೂರಕ್ಕೆ 38 ಹಾಕುವ ಸಾಮರ್ಥ್ಯದ ಹುಡುಗರನ್ನು ಸಾಲಾಗಿ ನಿಲ್ಲಿಸಿ ತಲಾ 110 ಎಸೆಯಲು ಹೇಳಿ. ಆರು ಜನರಲ್ಲಿ ಒಬ್ಬನಾದರೂ ಸುಮ್ನೆ ಅದೃಷ್ಟದಿಂದಲೇ 43 ಮುಟ್ಟುತ್ತಾನೆ. ಇನ್ನೊಬ್ಬ 33ಕ್ಕೆ ಇಳಿದು ಮನೆಗೆ ಹೋಗುತ್ತಾನೆ. ಇಬ್ಬರೂ ಒಂದೇ ತೂಕದವರು. ಕೆಂಟಕಿ ವಿಶ್ವವಿದ್ಯಾಲಯದ ರೀಡ್ ಶೆಪ್ಪರ್ಡ್ 2023-24ರಲ್ಲಿ 144 ತ್ರೀ ಎಸೆದು 75 ಹಾಕಿದ, ನೂರಕ್ಕೆ 52. ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ತಂಡ ಅವನನ್ನು ಮೂರನೆಯವನಾಗಿ ಆರಿಸಿತು. ಹಾಗಂತ ಎನ್‌ಬಿಎನಲ್ಲಿ ವರ್ಷಗಟ್ಟಲೆ ಯಾರೂ 52 ಹಾಕಿಕೊಂಡು ಕೂರಲ್ಲ.

ಹಾಗಾಗಿ ಈ ಕೆಲಸದಲ್ಲಿ ಪಳಗಿದವರು ತ್ರೀ ಜೊತೆಗೆ ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ, ನೋಡುತ್ತಾರೆ. 4.57 ಮೀಟರ್ ದೂರ, ಎದುರಿಗೆ ಯಾರೂ ಇಲ್ಲ, ಪ್ರತಿ ಸಲ ಅದೇ ಜಾಗ. ಕೈ ಎಷ್ಟು ಹದವಾಗಿದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ. ಹೆಸರಾಂತ ಗುರಿಕಾರ ಜೆಜೆ ರೆಡಿಕ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದಾಗ ನೂರಕ್ಕೆ 91 ಫ್ರೀ ಥ್ರೋ ಹಾಕುತ್ತಿದ್ದ. ನನ್ನ ಹುಡುಗನದ್ದು 74. ಆ ಅಂಕಿ ನನ್ನ ವರದಿಯ ಒಂಬತ್ತನೇ ಪುಟದ ಕೋಷ್ಟಕದಲ್ಲಿ ಇತ್ತು. ನಾನೇ ಹಾಕಿದ್ದೆ. ನಾನೇ ನೋಡಿರಲಿಲ್ಲ.

ಗೆರೆಯ ವಿಷಯ ಎಲ್ಲರೂ ಮೊದಲು ಕೇಳುತ್ತಾರೆ. ಕಾಲೇಜಿನ ತ್ರೀ ಪಾಯಿಂಟ್ ಗೆರೆ 2019-20ರಿಂದ 6.75 ಮೀಟರ್. ಎನ್‌ಬಿಎನಲ್ಲಿ ಕಮಾನಿನ ಮೇಲೆ 7.24, ಮೂಲೆಯಲ್ಲಿ 6.70. ಅರ್ಧ ಮೀಟರ್ ಹಿಂದೆ ನಿಂತು ಎಸೆಯೋದನ್ನು ಒಂದು ಬೇಸಿಗೆಯಲ್ಲಿ ಕಲಿತುಬಿಡಬಹುದು. ನನ್ನ ಪ್ರಕಾರ ಇದಕ್ಕೆ ಕೊಡುವ ಮಹತ್ವ ಸ್ವಲ್ಪ ಜಾಸ್ತಿಯೇ ಆಯಿತು.

ಕೋಚ್ ಕೇಳಿದ ಪ್ರಶ್ನೆ ಯಾಕೆ ಅಷ್ಟು ದೊಡ್ಡದು ಅಂತ ಅರ್ಥವಾಗೋಕೆ 2011ರ ಡ್ರಾಫ್ಟ್ ನೋಡಬೇಕು. ಆ ವರ್ಷ ಇಡೀ ಅಮೆರಿಕದ ಬಾಯಲ್ಲಿ ಜಿಮ್ಮರ್ ಫ್ರೆಡೆಟ್ ಹೆಸರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹುಡುಗ, ಪಂದ್ಯಕ್ಕೆ ಸರಾಸರಿ 28.9 ಅಂಕ, ದೇಶಕ್ಕೇ ಮೊದಲು. ಅರ್ಧ ಅಂಗಳದ ಹತ್ತಿರದಿಂದಲೇ ಎಸೆಯುತ್ತಿದ್ದ. 10ನೆಯವನಾಗಿ ಆಯ್ಕೆಯಾಗಿ ಸ್ಯಾಕ್ರಮೆಂಟೊ ತಂಡ ಸೇರಿದ. ಅವನ ಹಿಂದೆಯೇ, 11ನೆಯವನಾಗಿ, ಗೋಲ್ಡನ್ ಸ್ಟೇಟ್ ತಂಡ ಇನ್ನೊಬ್ಬ ಗುರಿಕಾರನನ್ನು ತೆಗೆದುಕೊಂಡಿತು. ವಾಷಿಂಗ್ಟನ್ ಸ್ಟೇಟ್‌ನ ಕ್ಲೇ ಥಾಂಪ್ಸನ್.

ಮುಂದಿನದು ನಿಮಗೆ ಗೊತ್ತಿರಬಹುದು. ಥಾಂಪ್ಸನ್ ನಾಲ್ಕು ಸಲ ಚಾಂಪಿಯನ್. 2015ರ ಜನವರಿಯಲ್ಲಿ ಒಂದೇ ಕ್ವಾರ್ಟರ್‌ನಲ್ಲಿ, ಅಂದರೆ ಕಾಲು ಪಂದ್ಯದಲ್ಲಿ, 37 ಅಂಕ ಹೊಡೆದ, ಅದೂ ಇದೇ ಸ್ಯಾಕ್ರಮೆಂಟೊ ವಿರುದ್ಧ. ಆದರೆ ನನಗೆ ಇಷ್ಟವಾದದ್ದು 2016ರ ಡಿಸೆಂಬರ್‌ನಲ್ಲಿ ಇಂಡಿಯಾನಾ ಮೇಲೆ ಆಡಿದ ಆಟ. 29 ನಿಮಿಷದಲ್ಲಿ 60 ಅಂಕ. ಇಡೀ ಪಂದ್ಯದಲ್ಲಿ ಅವನು ಚೆಂಡನ್ನು ನೆಲಕ್ಕೆ ಬಡಿದದ್ದು 11 ಸಲ ಮಾತ್ರ. ಅಂದರೆ ಚೆಂಡು ಬರುವ ಮೊದಲೇ ಕಾಲು ತನ್ನ ಕೆಲಸ ಮುಗಿಸಿರುತ್ತಿತ್ತು.

ಫ್ರೆಡೆಟ್ ಎನ್‌ಬಿಎಯಲ್ಲಿ ಗುರಿ ಮರೆತನಾ? ಇಲ್ಲ. ಅಲ್ಲೂ ಅವನ ತ್ರೀ ನೂರಕ್ಕೆ 37ರ ಆಸುಪಾಸಿನಲ್ಲೇ ಇತ್ತು. ಕೆಟ್ಟದ್ದೇನಲ್ಲ. ಕೆಟ್ಟಿದ್ದು ಬೇರೆ ಕಡೆ. ಎನ್‌ಬಿಎ ತಂಡಗಳು ಎದುರಾಳಿಯ ಐದು ಜನರಲ್ಲಿ ದುರ್ಬಲ ಡಿಫೆಂಡರ್ ಯಾರು ಅಂತ ಹುಡುಕಿ, ಸ್ಕ್ರೀನ್ ಹಾಕಿ, ಅವನನ್ನೇ ಚೆಂಡಿನ ಮುಂದಕ್ಕೆ ಎಳೆದು ತರುತ್ತವೆ. ಒಂದು ಸಲ ಅಲ್ಲ, ಪ್ರತಿ ಸಲ. ಈ ಕಡೆ ಮೂರು ಅಂಕ ಹಾಕಿ ಆ ಕಡೆ ನಾಲ್ಕು ಬಿಟ್ಟುಕೊಟ್ಟರೆ ತಂಡದ ಕೋಚ್ ಬೆಂಚಿಗೆ ಕರೆಯದೆ ಇನ್ನೇನು ಮಾಡ್ತಾರೆ? ಬೆಂಚಿನ ಮೇಲೆ ಕೂತವನ ಗುರಿ ಎಷ್ಟು ಚೆನ್ನಾಗಿದ್ದರೇನು. ಎತ್ತರವೂ ತೋಳಿನ ಉದ್ದವೂ ಇದ್ದ ಥಾಂಪ್ಸನ್ ಎದುರಾಳಿಯ ಅತಿ ಒಳ್ಳೆ ಗಾರ್ಡ್‌ನನ್ನೇ (ಚೆಂಡು ನಡೆಸಿ ಆಟ ಕಟ್ಟುವವನನ್ನು) ಕಾಯುತ್ತಿದ್ದ. ಹಾಗಾಗಿ ಗುರಿ ತಪ್ಪಿದ ದಿನವೂ ಅವನು ಅಂಗಳದಲ್ಲೇ ಇರುತ್ತಿದ್ದ, ಮುಂದಿನ ಎಸೆತಕ್ಕೆ. ಫ್ರೆಡೆಟ್ ಮುಂದೆ ಚೀನಾಗೆ ಹೋಗಿ ಶಾಂಘೈನಲ್ಲಿ ದೊಡ್ಡ ಹೆಸರು ಮಾಡಿದ.

ಹಾಗಂತ ಎತ್ತರವೇ ಎಲ್ಲಾ ಅಂದುಕೊಳ್ಳಬೇಡಿ. ಅದೇ 2011ರಲ್ಲಿ ಅದೇ ಸ್ಯಾಕ್ರಮೆಂಟೊ, ಕಟ್ಟಕಡೆಯ 60ನೆಯವನಾಗಿ, ಐದು ಅಡಿ ಒಂಬತ್ತು ಇಂಚಿನ ಐಸಾಯಾ ಥಾಮಸ್‌ನನ್ನು ತೆಗೆದುಕೊಂಡಿತು. 2016-17ರಲ್ಲಿ ಬಾಸ್ಟನ್ ಪರವಾಗಿ ಅವನ ಸರಾಸರಿ ಎಷ್ಟು ಗೊತ್ತಾ? 28.9. ಜಿಮ್ಮರ್‌ನ ಕಾಲೇಜು ಅಂಕಿಯೇ, ಎನ್‌ಬಿಎಯಲ್ಲಿ! ಕೋಚ್‌ಗೆ ಇದನ್ನು ತೋರಿಸಿದೆ. "ಆ ವರ್ಷ 60ರ ತನಕ ಎಲ್ಲರೂ ಮಲಗಿದ್ದೆವು" ಅಂದರು, ಅಷ್ಟೇ.

ನನ್ನ ಹುಡುಗನ ಕಥೆಗೆ ಬರೋಣ. ಡ್ರಾಫ್ಟ್‌ಗೆ ಮೊದಲು ತಂಡಗಳು ಹುಡುಗರನ್ನು ತಮ್ಮ ಜಿಮ್‌ಗೆ ಕರೆಸಿ ಆಡಿಸಿ ನೋಡುತ್ತವೆ. ನನ್ನ ಹಟಕ್ಕೋ ಏನೋ, ಇವನನ್ನೂ ಕರೆಸಿದರು. ಒಬ್ಬನೇ ಎಸೆದಾಗ ಬಿಟ್ಟದ್ದೆಲ್ಲ ಬುಟ್ಟಿಗೆ. ಬಲೆಯ ಸದ್ದು ಬಿಟ್ಟರೆ ಜಿಮ್ಮಿನಲ್ಲಿ ಬೇರೆ ಸದ್ದಿಲ್ಲ. ನಾನು ಕೋಚ್ ಕಡೆ ತಿರುಗಿ ನೋಡಿದೆ. ಅವರು ಫೋನ್ ನೋಡುತ್ತಿದ್ದರು. ನೆಟ್ಸ್‌ನಲ್ಲಿ ಸಿಕ್ಸರ್ ಹೊಡೆಯುವವರನ್ನು ನಾವೂ ಬೇಕಾದಷ್ಟು ನೋಡಿಲ್ವಾ?

ಆಮೇಲೆ ಮೂವರ ಮೇಲೆ ಮೂವರು ಆಡಿಸಿದರು. ಇವನ ಮೇಲೆ ಉದ್ದ ತೋಳಿನ ಒಬ್ಬ ಹುಡುಗನನ್ನು ಬಿಟ್ಟರು. ಅವನಿಗೆ ಇವನ ಬಗ್ಗೆ ಯಾರು ಹೇಳಿದ್ದರೋ, ಪ್ರತಿ ಸಲ ಎಡಕ್ಕೇ ಓಡಿಸಿದ. ಟಕ್, ಟಕ್, ಟಕ್. ಮೂರನೇ ಟಕ್‌ನ ಹೊತ್ತಿಗೆ ಕೈ ಮೂಗಿನ ಮುಂದೆ. ಇಪ್ಪತ್ತು ನಿಮಿಷದಲ್ಲಿ ಇವನಿಗೆ ಎಸೆಯೋಕೆ ಸಿಕ್ಕಿದ್ದು ಮೂರೇ ಅವಕಾಶ. ಎರಡು ಬಿತ್ತು. ನೂರಕ್ಕೆ 67! ನನ್ನ ಹಳೇ ವರದಿ ಆಗಿದ್ದರೆ ಅದನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೆ.

ಡ್ರಾಫ್ಟ್ ರಾತ್ರಿ ಕೊನೆಯ ಹೆಸರು ಓದುವವರೆಗೂ ಕಾದೆ. ಅವನ ಹೆಸರು ಬರಲಿಲ್ಲ.

ಅದರ ಮುಂದಿನ ವರ್ಷ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಇದನ್ನು ಹೇಳದಿದ್ದರೆ ನಾನೇನೋ ಜ್ಞಾನಿ ಆದೆ ಅಂತ ನೀವು ತಿಳಿದುಕೊಳ್ಳಬಹುದು. ತೆನಾಲಿ ರಾಮನ ಬೆಕ್ಕಿನ ಹಾಗಾಗಿತ್ತು ನನ್ನ ಸ್ಥಿತಿ, ಹಾಲು ಕಂಡರೇ ಓಟ. ಗುರಿಕಾರರೆಲ್ಲರಿಗೂ ಕೆಂಪು ಗೀಟು ಎಳೆದೆ. ಅದರಲ್ಲಿ ಒಬ್ಬ ಡಿಫೆನ್ಸ್‌ನಲ್ಲಿ ನಿಧಾನ, ನಿಜ. ಆದರೆ ಎತ್ತರವಿತ್ತು, ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು, ಎರಡೂ ಕಡೆಯಿಂದ ಓಡಿ ಬಂದು ಚೆಂಡು ಸಿಕ್ಕಿದ ಕೂಡಲೇ ಬಿಡುತ್ತಿದ್ದ. ಅವನು ಈಗ ಬೇರೆ ತಂಡದಲ್ಲಿ ಆರಾಮಾಗಿ ಆಡಿಕೊಂಡಿದ್ದಾನೆ. ನಮ್ಮ ಮೇಲೆ ಆಡುವಾಗಂತೂ ಜಾಸ್ತಿ ಆರಾಮ.

ಇಂಥ ತಪ್ಪು ನನ್ನೊಬ್ಬನದ್ದೇ ಅಲ್ಲ ಅನ್ನೋದೊಂದು ಸಮಾಧಾನ. ಡಂಕನ್ ರಾಬಿನ್ಸನ್ ಮೂರನೇ ದರ್ಜೆಯ ವಿಲಿಯಮ್ಸ್ ಕಾಲೇಜಿನಲ್ಲಿ ಆಡಿ, ಆಮೇಲೆ ಮಿಷಿಗನ್ ಸೇರಿದ. 2018ರಲ್ಲಿ ಅವನನ್ನು ಯಾರೂ ಆರಿಸಲಿಲ್ಲ. ಮಯಾಮಿ ಕರೆದುಕೊಂಡಿತು. 2019-20ರಲ್ಲಿ 270 ತ್ರೀ ಹಾಕಿದ. ಕೈಲ್ ಕಾರ್ವರ್‌ನದ್ದು ಇನ್ನೂ ಮಜಾ. 2003ರಲ್ಲಿ 51ನೆಯವನಾಗಿ ನ್ಯೂಜೆರ್ಸಿ ಆರಿಸಿ, ತಕ್ಷಣ ಫಿಲಡೆಲ್ಫಿಯಾಗೆ ದುಡ್ಡಿಗೆ ಮಾರಿಬಿಟ್ಟಿತು. ಆ ದುಡ್ಡಿನ ಒಂದು ಭಾಗದಲ್ಲಿ ಆಫೀಸಿಗೆ ಒಂದು ಜೆರಾಕ್ಸ್ ಮೆಷಿನ್ ತಂದರು. ಕಾರ್ವರ್ 17 ಸೀಸನ್ ಆಡಿ 2,400ಕ್ಕೂ ಹೆಚ್ಚು ತ್ರೀ ಹಾಕಿದ. ನಮ್ಮ ಆಫೀಸಿನ ಜೆರಾಕ್ಸ್ ಮೆಷಿನ್ ಕೈಕೊಟ್ಟಾಗೆಲ್ಲ ಯಾರಾದರೊಬ್ಬರು ಅವನ ಹೆಸರು ಹೇಳಿಯೇ ಹೇಳುತ್ತಾರೆ.

ಇನ್ನೊಂದು ತುದಿಯಲ್ಲಿ ಆಂಟ್ವಾನ್ ಡೇವಿಸ್. ಡೆಟ್ರಾಯಿಟ್ ಮರ್ಸಿಯಲ್ಲಿ ಐದು ವರ್ಷ ಆಡಿ 588 ತ್ರೀ ಹಾಕಿದ, ಕಾಲೇಜು ದಾಖಲೆ. 2023ರಲ್ಲಿ ಅವನನ್ನೂ ಯಾರೂ ಆರಿಸಲಿಲ್ಲ. ದಾಖಲೆ ಹೊಡೆದವನು ಹೊರಗೆ, ಜೆರಾಕ್ಸ್ ಬೆಲೆಯವನು 17 ವರ್ಷ ಒಳಗೆ. ಅಂಕಿ ಒಂದನ್ನೇ ನೋಡಿದರೆ ಇದು ಹುಚ್ಚಾಟದ ಹಾಗೆ ಕಾಣುತ್ತೆ. ಕಾರ್ವರ್ ಆರು ಅಡಿ ಏಳು ಇಂಚು, ಸ್ಕ್ರೀನ್ ಸುತ್ತಿ ಸುತ್ತಿ ಓಡಿ, ನಿಲ್ಲುವ ಮೊದಲೇ ಎಸೆಯುವವನು. ಅದನ್ನು ಕಂಡವರಿಗೆ ಹುಚ್ಚಾಟ ಅನ್ನಿಸಲ್ಲ.

ಈಗ ನನ್ನ ವರದಿ ನಾಲ್ಕು ಪುಟ ದಾಟಲ್ಲ. ಎಸೆತದ ಅಂಕಿ ಕೊನೆಯ ಪುಟಕ್ಕೆ ಹೋಗಿದೆ. ಮೊದಲ ಸಾಲಿನಲ್ಲಿ ಅವನು ಯಾರನ್ನು ಕಾಯಬಲ್ಲ ಅಂತ ಬರೆಯುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಎರಡು ಪಂದ್ಯ ನೋಡುತ್ತೇನೆ. ಆ ರಟ್ಟಿನ ಫೈಲು ನನ್ನ ಮೇಜಿನ ಮೇಲೆಯೇ ಇದೆ. ಕೋಚ್ ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ.

ನನ್ನ ಹುಡುಗ ಈಗ ಯುರೋಪಿನಲ್ಲಿ ಆಡುತ್ತಾನೆ. ಅಲ್ಲಿನ ಗೆರೆ 6.75 ಮೀಟರ್, ಕಾಲೇಜಿನದ್ದೇ ದೂರ. ಮೊನ್ನೆ ಊಟದ ಬಿಡುವಿನಲ್ಲಿ ಅವನ ಪಂದ್ಯ ಹಾಕಿಕೊಂಡು ಕೂತಿದ್ದೆ. ಎಡಕ್ಕೆ ಓಡಿ ಬಂದ. ಟಕ್, ಟಕ್, ಟಕ್. ಆ ಮೂರನೇ ಹೆಜ್ಜೆ ಇನ್ನೂ ಹಾಗೇ ಇದೆ. ಆದರೆ ಅಲ್ಲಿ ಅವನ ಮೂಗಿನ ಹತ್ತಿರ ಯಾರ ಕೈಯೂ ಬರಲಿಲ್ಲ. ಚೆಂಡು ಬುಟ್ಟಿಯ ಅಂಚನ್ನೂ ಮುಟ್ಟದೆ ಒಳಗೆ ಹೋಯಿತು. ನಾನು ತಟ್ಟೆ ಪಕ್ಕಕ್ಕಿಟ್ಟು ಅದನ್ನು ಇನ್ನೊಂದು ಸಲ ಹಾಕಿ ನೋಡಿದೆ.