ಅಘನಾಶಿನಿಯ ಅಳಿವೆಯಲ್ಲಿ ಗಾಳಿಯ ದಿನ

ಫೆಬ್ರವರಿಯಲ್ಲಿ ನಮ್ಮ ಕರಾವಳಿಯ ಮೇಲೆ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಸುಳಿದು, ಮಧ್ಯಾಹ್ನದ ನಂತರ ಕಡಲ ಗಾಳಿ ಏಳುವುದು ವಾಡಿಕೆ. ನಾವು ಹಕ್ಕಿ ನೋಡಲೆಂದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋದ ದಿನ ಮಾತ್ರ ಬೆಳಿಗ್ಗೆಯೇ ವಾಯವ್ಯದ ಗಾಳಿ ಜೋರಾಗಿತ್ತು. ನಿಂತು ನೋಡಹೊರಟರೆ ಸ್ಕೋಪ್ ನಡುಗುತ್ತಿದ್ದುದರಿಂದ ಟ್ರೈಪಾಡ್‌ನ ಕಾಲುಗಳನ್ನು ಮಡಚಿ ಮರಳಿನ ಮೇಲೆ ಕುಳಿತೆವು. ನೀರು ಇನ್ನೂ ತುಂಬಿತ್ತು. ಲಡಾಖ್, ಟಿಬೆಟ್‌ಗಳ ಎತ್ತರದ ನೆಲದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡಲತೀರಕ್ಕಿಳಿಯುವ ಸಣ್ಣ ಮರಳು ಪ್ಲೋವರ್‌ಗಳು ಜನ ನಡೆದುಹೋದ ಹೆಜ್ಜೆಗುಳಿಗಳಲ್ಲಿ ಒಂದೊಂದಾಗಿ ಹುದುಗಿ, ಎಲ್ಲವೂ ಗಾಳಿಗೆ ಎದುರು ಮುಖ ಮಾಡಿ ಕುಳಿತಿದ್ದವು. ಒಂದು ಹಕ್ಕಿ ಪಕ್ಕಕ್ಕೆ ಹೊರಳಿತು; ಬೆನ್ನಿನ ಗರಿಗಳೆಲ್ಲ ಗಾಳಿಗೆ ಕೆದರಿ ಎದ್ದ ಕೂಡಲೇ ಮತ್ತೆ ಮೊದಲಿನ ದಿಕ್ಕಿಗೇ ತಿರುಗಿತು.

ಇಳಿತ ಶುರುವಾಗಿ ಕೆಸರುಬಯಲು ತೆರೆದುಕೊಂಡ ಮೇಲೆ ಒಂದೊಂದು ಹಕ್ಕಿಯ ಕಸುಬೂ ಬೇರೆ ಬೇರೆಯಾಗಿ ಕಾಣತೊಡಗಿತು. ಕಣ್ಣಿನಿಂದಲೇ ಮೀನು ಗುರುತಿಸಬೇಕಾದ ಬೆಳ್ಳಕ್ಕಿಗಳಿಗೆ ಅಲುಗಾಡುವ ನೀರಿನಲ್ಲಿ ಏನೂ ಸಿಗದೆ, ಅವು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ (ಮ್ಯಾಂಗ್ರೋವ್) ಮರೆಯ ಸಣ್ಣ ಕಾಲುವೆಗಳಿಗೆ ಸರಿದವು. ಬಾಗಿದ ಕೊಕ್ಕಿನ ವಿಂಬ್ರೆಲ್‌ಗೆ ಆ ತೊಂದರೆಯಿಲ್ಲ. ಅದು ಕೆಸರಿನ ಬಿಲದೊಳಗೆ ಕೊಕ್ಕು ಇಳಿಸಿ ಏಡಿಯೊಂದನ್ನು ಎಳೆದು, ಕಾಲುಗಳು ಕಳಚಿ ಬೀಳುವವರೆಗೆ ಝಾಡಿಸಿ, ಉಳಿದದ್ದನ್ನು ಇಡಿಯಾಗಿ ನುಂಗಿತು. ಅದರಾಚೆ ಬಳಚು ಎಂಬ ಚಿಪ್ಪುಜೀವಿಯನ್ನು ಆಯುವವರು ಮೊಣಕಾಲುದ್ದ ನೀರಿನಲ್ಲಿ ಬಾಗಿ ನಿಂತಿದ್ದರು. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲದ ಕಾರಣ ಘಟ್ಟದ ಸಿಹಿನೀರೂ ಮಣ್ಣೂ ತಡೆಯಿಲ್ಲದೆ ಇಲ್ಲಿಗೆ ಬರುತ್ತವೆ. ಹಕ್ಕಿಯ ಏಡಿಯೂ ಜನರ ಬಳಚೂ ಆ ಕೆಸರಿನಲ್ಲಿಯೇ ಬೆಳೆಯುತ್ತವೆ. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಮಧ್ಯಾಹ್ನದ ನಂತರ ಗಾಳಿ ಇನ್ನೂ ಬಲವಾಗಿ, ದಡದ ಮರಳು ಮುಖಕ್ಕೆ ಹೊಡೆಯತೊಡಗಿದಾಗ ಗಜನಿಯ ಕಡೆ ನಡೆದೆವು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಈ ತಗ್ಗು ಗದ್ದೆಗಳಿಗೆ ಕೊಯ್ಲಿನ ನಂತರ ಉಪ್ಪುನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಕಟ್ಟೆಯ ಮರೆಯಲ್ಲಿ ನೀರು ಅಲುಗದೆ ನಿಂತಿತ್ತು. ಮೆಟ್ಟುಗಾಲು ಹಕ್ಕಿಗಳು ಅಲ್ಲಿ ನೆಮ್ಮದಿಯಿಂದ ಮೇಯುತ್ತಿದ್ದವು. ಕಗ್ಗ ಬಿಟ್ಟು ವರ್ಷವಿಡೀ ಆಳದ ನೀರು ನಿಲ್ಲಿಸಿ ಸೀಗಡಿ ಸಾಕಿದರೆ ಕಾಲೂರಲು ತಳ ಸಿಗದ ಇಂಥ ಹಕ್ಕಿಗಳಿಗೆ ಅದು ಬರಿದಾದ ಜಾಗವೇ. ಹಾಗಾಗಿ ಕಗ್ಗ ಬೆಳೆಯುವ ರೈತರಿಗೆ ಒಳ್ಳೆಯ ಬೆಲೆ ಸಿಗುವಂತೆ ಮಾಡುವುದನ್ನು ನಾನು ಹಕ್ಕಿಗಳ ರಕ್ಷಣೆಯ ಕೆಲಸವೆಂದೇ ಎಣಿಸುತ್ತೇನೆ.

ಸಂಜೆ ಭರತದ ನೀರು ಕೆಸರುಬಯಲನ್ನು ಮುಚ್ಚಿದಂತೆ ಪ್ಲೋವರ್‌ಗಳು ಹಿಂಡಾಗಿ ಹಾರಿಬಂದು, ಹಿಂದಿನ ಬೆಳೆಯ ಕೂಳೆಗಳ ನಡುವೆ, ನಮಗೆ ಹತ್ತಿರದಲ್ಲಿಯೇ ಇಳಿದವು. ಬೆಳಿಗ್ಗೆ ಎಲ್ಲವೂ ಒಂದೇ ಜಾತಿಯವೆಂದು ಕಂಡಿದ್ದ ಆ ಗುಂಪಿನಲ್ಲಿ ಕೊಕ್ಕು ಹೆಚ್ಚು ಉದ್ದ, ಕಾಲು ಎತ್ತರ, ತಲೆ ದಪ್ಪವಾಗಿದ್ದ ಎರಡು ಹಕ್ಕಿಗಳಿದ್ದವು. ಅವು ದೊಡ್ಡ ಮರಳು ಪ್ಲೋವರ್‌ಗಳೆಂದು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಖಚಿತವಾಯಿತು.